ಮೇಲುಕೋಟೆಯ ಚೆಲುವರಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಮನೆ ಇದ್ದ ಮೇಲೆ ಬಂದ ನೆಂಟರನ್ನೆಲ್ಲ ಒಂದು ಸಲ ಮೇಲುಕೋಟೆಗೆ ಕರೆದುಕೊಂಡು ಹೋಗಲೇಬೇಕು. ಹೀಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬೆಟ್ಟದ ಮೆಟ್ಟಿಲು ಹತ್ತುತ್ತಾ ಕೇಳಿದ ಪ್ರಶ್ನೆ, ಕಲ್ಯಾಣಿಯ ದಂಡೆಯಲ್ಲಿ ಕೂತು ಪುಳಿಯೋಗರೆ ತಿನ್ನುತ್ತಾ ಕೇಳಿದ ಪ್ರಶ್ನೆ, ಊರಿಗೆ ಹೋದ ಮೇಲೆ ಫೋನ್ ಮಾಡಿ ಕೇಳಿದ ಪ್ರಶ್ನೆ, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರ ಹೇಳುವಾಗ ಸ್ಥಳಪುರಾಣ ಯಾವುದು, ಚರಿತ್ರೆ ಯಾವುದು ಅನ್ನುವುದನ್ನು ಬೆರೆಸದೆ ಹೇಳಲು ನೋಡಿದ್ದೇನೆ. ಎರಡರ ಮೇಲೂ ನನಗೆ ಪ್ರೀತಿ ಇದೆ.

## ಮೊದಲ ಸಲ ಬರುವವರು ಕೇಳುವುದು

ಮೇಲುಕೋಟೆ ಅಂದ್ರೆ ಬೆಟ್ಟದ ಮೇಲಿರೋ ದೇವಸ್ಥಾನ ಒಂದೇನಾ?

ಅಲ್ಲ. ದೂರದಿಂದ ಕಾಣುವುದು ಬೆಟ್ಟದ ತುದಿಯ ಯೋಗಾನರಸಿಂಹ ಸ್ವಾಮಿ ಗುಡಿ. ಫೋಟೋಗಳಲ್ಲಿ ಬರುವುದೂ ಅದೇ. ಹಾಗಾಗಿ ಎಷ್ಟೋ ಜನ ಅದೇ ಮುಖ್ಯ ದೇವಸ್ಥಾನ ಅಂದುಕೊಳ್ಳುತ್ತಾರೆ. ಊರಿನ ಒಡೆಯ ಚೆಲುವನಾರಾಯಣ ಸ್ವಾಮಿ ಇರುವುದು ಕೆಳಗೆ, ಊರೊಳಗೆ. ಇವೆರಡರ ಜೊತೆಗೆ ಕಲ್ಯಾಣಿ, ಅಕ್ಕ ತಂಗಿ ಕೊಳ, ಧನುಷ್ಕೋಟಿ, ರಾಯಗೋಪುರ, ಊರ ಸುತ್ತ ಹರಡಿಕೊಂಡಿರುವ ತೀರ್ಥಗಳು ಇವೆ. ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಊರು ಇದು. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಅರ್ಧ ದಿನದಲ್ಲಿ ಮುಗಿಸುತ್ತೇವೆ ಅಂತ ಬರುವವರಿಗೆ ನಾನು ಹೇಳುವುದು ಒಂದೇ ಮಾತು, ಒಂದು ಇಡೀ ದಿನ ಇಟ್ಟುಕೊಳ್ಳಿ.

ತಿರುನಾರಾಯಣ, ಚೆಲುವನಾರಾಯಣ, ಚೆಲುವಪಿಳ್ಳೆ, ಸಂಪತ್ಕುಮಾರ… ಎಲ್ಲಾ ಒಬ್ಬನೇ ದೇವರಾ?

ಒಬ್ಬನೇ ನಾರಾಯಣ, ಆದರೆ ಎರಡು ಮೂರ್ತಿ. ಇದು ತಿಳಿದರೆ ಮುಂದಿನ ಕಥೆಗಳೆಲ್ಲ ಸಲೀಸು.

ಗರ್ಭಗುಡಿಯಲ್ಲಿ ನಿಂತಿರುವ ಕಲ್ಲಿನ ಮೂಲಮೂರ್ತಿಗೆ ತಿರುನಾರಾಯಣ ಅಂತ ಹೆಸರು. ಕನ್ನಡದಲ್ಲಿ ಚೆಲುವನಾರಾಯಣ. ಉತ್ಸವದಲ್ಲಿ ಹೊರಗೆ ಬರುವ ಲೋಹದ ಮೂರ್ತಿ ಚೆಲುವಪಿಳ್ಳೆ. ಅವನಿಗೇ ಸಂಪತ್ಕುಮಾರ, ರಾಮಪ್ರಿಯ ಅಂತಲೂ ಹೆಸರು.

ಚೆಲುವಪಿಳ್ಳೆ ಅನ್ನುವ ಹೆಸರಿನಲ್ಲೇ ಒಂದು ಸ್ವಾರಸ್ಯ ಇದೆ. ತಮಿಳಿನಲ್ಲಿ ‘ಸೆಲ್ವಪ್ಪಿಳ್ಳೈ’ ಅಂದರೆ ಸಂಪತ್ತಿನಂಥ ಮುದ್ದು ಮಗ. ಅದನ್ನೇ ಸಂಸ್ಕೃತಕ್ಕೆ ತಂದರೆ ಸಂಪತ್ಕುಮಾರ. ಆದರೆ ನಮ್ಮ ಕಡೆಯವರ ಕಿವಿಗೆ ಅದು ‘ಚೆಲುವ’ ಅಂತ ಕೇಳಿಸಿತು. ಚೆಲುವ ಅಂದರೆ ಅಂದಗಾರ. ಹೀಗೆ ತಮಿಳಿನ ಸಿರಿವಂತ ಮಗ ಕನ್ನಡದಲ್ಲಿ ಸುಂದರನಾದ. ಮಂಡ್ಯದ ಹಳ್ಳಿಗಳಲ್ಲಿ ಎಷ್ಟು ಚೆಲುವಯ್ಯ, ಚೆಲುವಮ್ಮ, ಚೆಲುವೇಗೌಡರು ಇದ್ದಾರೆ ನೋಡಿ. ಎಲ್ಲರೂ ಈ ಹೆಸರಿನ ಮಕ್ಕಳೇ.

ಮೊದಲು ಬೆಟ್ಟ ಹತ್ತಬೇಕಾ, ಕೆಳಗಿನ ದೇವರನ್ನ ನೋಡ್ಬೇಕಾ?

ಎರಡೂ ಸರಿ. ನಾನು ಮಾಡುವ ಕ್ರಮ ಹೀಗೆ: ಬೆಳಗ್ಗೆ ತಂಪು ಇರುವಾಗಲೇ ಬೆಟ್ಟ ಹತ್ತಿ ಇಳಿಯುವುದು, ಆಮೇಲೆ ಚೆಲುವನಾರಾಯಣನ ದರ್ಶನ. ಬಿಸಿಲು ಏರಿದ ಮೇಲೆ ಕಲ್ಲಿನ ಮೆಟ್ಟಿಲು ಕಾದು ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಮಧ್ಯಾಹ್ನ ಎರಡೂ ಗುಡಿಗಳ ಬಾಗಿಲು ಹಾಕುತ್ತಾರೆ, ಅದೂ ನೆನಪಿರಲಿ. ಕೈಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ ತೂಗಾಡಿಸಿಕೊಂಡು ಹತ್ತಬೇಡಿ. ಕೋತಿಗಳು ಅರ್ಧ ದಾರಿಯಲ್ಲೇ ಪ್ರಸಾದ ಮಾಡಿಬಿಡುತ್ತವೆ.

ಇಲ್ಲಿ ಅಮ್ಮನವರು ಯಾರು?

ಯದುಗಿರಿ ಅಮ್ಮನವರು. ಯದುಗಿರಿ ನಾಚ್ಚಿಯಾರ್ ಅಂತಲೂ ಕರೆಯುತ್ತಾರೆ. ದೇವಸ್ಥಾನದ ಒಳಗೇ ಪ್ರತ್ಯೇಕ ಸನ್ನಿಧಿ ಇದೆ. ಉತ್ಸವಮೂರ್ತಿಯ ಜೊತೆ ಶ್ರೀದೇವಿ, ಭೂದೇವಿ ಇರುತ್ತಾರೆ. ಇವರಲ್ಲದೆ ಇನ್ನೊಬ್ಬಳು ಇದ್ದಾಳೆ, ಮೂಲಮೂರ್ತಿಯ ಪಾದದ ಬಳಿ. ಅವಳ ಕಥೆ ಮುಂದೆ ಬರುತ್ತದೆ.

ದೇವಸ್ಥಾನದ ಹತ್ತಿರ ಬಿಳಿ ಮಣ್ಣಿನ ಉಂಡೆ ಮಾರ್ತಾರಲ್ಲ, ಅದು ಏನಕ್ಕೆ?

ನಾಮ ಇಟ್ಟುಕೊಳ್ಳಲು. ತಿರುಮಣ್ಣು ಅಂತಾರೆ. ಶ್ರೀವೈಷ್ಣವರು ಹಣೆಗೆ ಇಡುವ ಬಿಳಿ ನಾಮದ ಮಣ್ಣು ಈ ಊರಿನ ನೆಲದಲ್ಲೇ ಸಿಗುತ್ತದೆ. ಅಂಗೈಯಲ್ಲಿ ಎರಡು ಹನಿ ನೀರು ಹಾಕಿ ಉಂಡೆ ತೇಯ್ದರೆ ಹಾಲಿನಂಥ ಲೇಪ ಬರುತ್ತದೆ. ಹಣೆಗೆ ಹಚ್ಚಿದಾಗ ಮೊದಲು ಮಬ್ಬಾಗಿ ಕಾಣುತ್ತದೆ. ಒಣಗುತ್ತಾ ಒಣಗುತ್ತಾ ಅಚ್ಚ ಬಿಳುಪಾಗುತ್ತದೆ. ಈ ಊರಿನ ದೇವರು ಮತ್ತೆ ಸಿಕ್ಕಿದ್ದೇ ಈ ಮಣ್ಣಿನ ನೆಪದಿಂದ ಅನ್ನುವುದು ಸಂಪ್ರದಾಯದ ಕಥೆ.

## ಸ್ಥಳಪುರಾಣದ ಪ್ರಶ್ನೆಗಳು

ಯಾದವಗಿರಿ, ಯದುಗಿರಿ, ಯತಿಶೈಲ… ಒಂದು ಊರಿಗೆ ಇಷ್ಟು ಹೆಸರು ಯಾಕೆ?

ಯುಗಕ್ಕೊಂದು ಹೆಸರು ಅನ್ನುತ್ತದೆ ಪುರಾಣ. ಕೃತಯುಗದಲ್ಲಿ ನಾರಾಯಣಾದ್ರಿ. ಬ್ರಹ್ಮನ ಮಗ ಸನತ್ಕುಮಾರ ತಂದೆಯನ್ನು ಬೇಡಿ, ಸತ್ಯಲೋಕದಲ್ಲಿದ್ದ ನಾರಾಯಣನ ಮೂರ್ತಿಯನ್ನು ಆನಂದಮಯ ವಿಮಾನದ, ಅಂದರೆ ಗರ್ಭಗುಡಿಯ ಮೇಲಿನ ಗೋಪುರದ ಸಮೇತ ಈ ಬೆಟ್ಟಕ್ಕೆ ತಂದ ಅಂತ. ತ್ರೇತಾಯುಗದಲ್ಲಿ ದತ್ತಾತ್ರೇಯ ಇಲ್ಲಿ ಶಿಷ್ಯರಿಗೆ ವೇದ ಹೇಳಿಕೊಟ್ಟ, ಅದಕ್ಕೆ ವೇದಾದ್ರಿ. ದ್ವಾಪರದಲ್ಲಿ ಯಾದವರು ಬಂದು ಪೂಜೆ ಮಾಡಿದರು, ಯಾದವಾದ್ರಿ ಆಯಿತು. ಕಲಿಯುಗದಲ್ಲಿ ಯತಿರಾಜ ರಾಮಾನುಜರು ಬಂದರು, ಯತಿಶೈಲ ಆಯಿತು.

ಮೇಲುಕೋಟೆ ಅನ್ನುವುದು ನಮ್ಮ ನಿಮ್ಮ ಬಾಯಿಯ ಹೆಸರು. ಮೇಲಿರುವ ಕೋಟೆ, ಅಷ್ಟೇ. ಮೈಸೂರು ಅರಸರು ತಮ್ಮನ್ನು ಯದುವಂಶದವರು ಅಂತ ಕರೆದುಕೊಳ್ಳುತ್ತಾರಲ್ಲ, ಅವರ ವಂಶದ ಕಥೆಯಲ್ಲೂ ಈ ಬೆಟ್ಟ ಬರುತ್ತದೆ. ಯದುರಾಯ, ಕೃಷ್ಣರಾಯ ಅನ್ನುವ ಅಣ್ಣತಮ್ಮಂದಿರು ದ್ವಾರಕೆ ಕಡೆಯಿಂದ ಯದುಗಿರಿಯ ದೇವರ ದರ್ಶನಕ್ಕೆ ಬಂದವರು, ಇಲ್ಲಿಂದ ಮೈಸೂರಿಗೆ ಹೋಗಿ 1399ರಲ್ಲಿ ರಾಜ್ಯ ಕಟ್ಟಿದರು ಅಂತ ಅರಮನೆಯ ಪರಂಪರೆ ಹೇಳುತ್ತದೆ.

ಶ್ರೀರಾಮ ಪೂಜೆ ಮಾಡಿದ ವಿಗ್ರಹ ಇಲ್ಲಿದೆ ಅಂತಾರೆ, ಯಾವುದು ಅದು?

ಉತ್ಸವಮೂರ್ತಿ ಚೆಲುವಪಿಳ್ಳೆ. ರಾಮಪ್ರಿಯ ಅನ್ನುವ ಹೆಸರು ಬಂದಿದ್ದೇ ಅದರಿಂದ.

ಕಥೆ ಹೀಗಿದೆ. ಮೂಲಮೂರ್ತಿಯನ್ನು ಸನತ್ಕುಮಾರನಿಗೆ ಕೊಟ್ಟ ಮೇಲೆ ಬ್ರಹ್ಮನಿಗೆ ಪೂಜೆಗೆ ಮೂರ್ತಿ ಇಲ್ಲದಂತಾಯಿತು. ಆಗ ವಿಷ್ಣು ತನ್ನ ಹೃದಯದಿಂದ ಇನ್ನೊಂದು ಮೂರ್ತಿಯನ್ನು ಮಾಡಿಕೊಟ್ಟ. ಅದು ಬ್ರಹ್ಮನಿಂದ ರಾಮನಿಗೆ ಬಂತು, ರಾಮನಿಂದ ಕುಶನಿಗೆ. ಕುಶನ ಮಗಳು ಕನಕಮಾಲಿನಿ. ಅವಳು ಯದುವಂಶದ ಯದುಶೇಖರನನ್ನು ಮದುವೆಯಾಗಿ ಹೋಗುವಾಗ ಮೂರ್ತಿಯೂ ಜೊತೆಗೆ ಹೋಯಿತು. ತವರಿನ ದೇವರನ್ನು ಗಂಡನ ಮನೆಗೆ ಒಯ್ದಳು ಅನ್ನಿ. ಹೀಗೆ ರಾಮನ ದೇವರು ಕೃಷ್ಣನ ಮನೆಯ ದೇವರಾದ. ಒಮ್ಮೆ ತೀರ್ಥಯಾತ್ರೆಗೆ ಹೊರಟ ಬಲರಾಮ ಈ ಬೆಟ್ಟಕ್ಕೆ ಬಂದು ಮೂಲಮೂರ್ತಿಯನ್ನು ನೋಡಿದ. ‘ನಮ್ಮ ಮನೆಯ ರಾಮಪ್ರಿಯನ ಹಾಗೇ ಇದ್ದಾನಲ್ಲ!’ ಅಂತ ಬೆರಗಾದ. ದ್ವಾರಕೆಗೆ ಹೋಗಿ ತಮ್ಮನಿಗೆ ಹೇಳಿದ. ಕೃಷ್ಣ ನಂಬಲಿಲ್ಲ. ಕೊನೆಗೆ ಇಬ್ಬರೂ ಮೂರ್ತಿಯನ್ನು ಹೊತ್ತು ಇಲ್ಲಿಗೇ ಬಂದು ಅಕ್ಕಪಕ್ಕ ಇಟ್ಟು ನೋಡಿದರಂತೆ.

ಅಣ್ಣ ತಮ್ಮ ಇಬ್ಬರೂ ಬಗ್ಗಿ, ಒಮ್ಮೆ ಈ ಮುಖ ಒಮ್ಮೆ ಆ ಮುಖ ನೋಡುತ್ತಿರುವ ಆ ಗಳಿಗೆ ನನಗೆ ತುಂಬ ಇಷ್ಟ.

ಬೆಟ್ಟದ ನರಸಿಂಹ ಯಾಕೆ ಶಾಂತವಾಗಿ ಕೂತಿದ್ದಾನೆ?

ಇವನು ಯೋಗಾನರಸಿಂಹ. ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ಉಗ್ರರೂಪ ಅಲ್ಲ. ಕಾಲು ಮಡಿಚಿ, ಮೊಣಕಾಲಿಗೆ ಯೋಗಪಟ್ಟ ಬಿಗಿದು ಕೂತ ರೂಪ. ಈ ಮೂರ್ತಿಯನ್ನು ಪ್ರಹ್ಲಾದನೇ ಪ್ರತಿಷ್ಠೆ ಮಾಡಿದ ಅನ್ನುವುದು ನಂಬಿಕೆ. ತನಗಾಗಿ ಕಂಬ ಒಡೆದು ಬಂದ ದೇವರನ್ನು ಆ ಹುಡುಗ ಹೀಗೆ ಸಮಾಧಾನವಾಗಿ ಕೂರಿಸಿ ಪೂಜಿಸಿದ್ದು ಸಹಜವೇ ಅಲ್ವಾ. ಮೇಲೆ ಹೋದಾಗ ದರ್ಶನ ಮುಗಿಸಿ ತಕ್ಷಣ ಇಳಿಯಬೇಡಿ. ಗೋಡೆಯ ಬದಿಗೆ ನಿಂತರೆ ಕೆಳಗೆ ಕಲ್ಯಾಣಿ ಹಸಿರು ಬಟ್ಟಲಿನ ಹಾಗೆ ಕಾಣುತ್ತದೆ.

ಕಲ್ಯಾಣಿ ಯಾರು ಕಟ್ಟಿಸಿದ್ದು? ಸಿನಿಮಾದಲ್ಲಿ ಬರುತ್ತಲ್ಲ, ಅದೇ ಕೊಳ.

ಪುರಾಣ ಹೇಳುವುದು, ಭೂಮಿಯನ್ನು ಎತ್ತಿ ತಂದ ವರಾಹಸ್ವಾಮಿ ಮೈ ಕೊಡವಿದಾಗ ಬಿದ್ದ ನೀರೇ ಕಲ್ಯಾಣಿ ಅಂತ. ಕಣ್ಣಿಗೆ ಕಾಣುವ ಮೆಟ್ಟಿಲು, ಸುತ್ತಲಿನ ಕಂಬದ ಮಂಟಪಗಳು ಮನುಷ್ಯರ ಕೆಲಸ, ಬೇರೆ ಬೇರೆ ಕಾಲದ್ದು. ಉತ್ಸವದ ದಿನಗಳಲ್ಲಿ ತೆಪ್ಪೋತ್ಸವ ಇಲ್ಲೇ ನಡೆಯುತ್ತದೆ.

ಅಕ್ಕ ತಂಗಿ ಕೊಳದಲ್ಲಿ ಒಂದರ ನೀರು ಮಾತ್ರ ಯಾಕೆ ಕುಡಿಯೋಕೆ ಬರುತ್ತೆ?

ಅಕ್ಕಪಕ್ಕ ಎರಡು ಕೊಳ, ನಡುವೆ ಒಂದು ದಾರಿಯಷ್ಟೇ ಅಂತರ. ಇಬ್ಬರು ಅಕ್ಕತಂಗಿಯರು ಒಬ್ಬೊಬ್ಬರು ಒಂದೊಂದು ಕೊಳ ಕಟ್ಟಿಸಿದರಂತೆ. ಒಬ್ಬಳು ಖರ್ಚಾದ ಒಂದೊಂದು ಕಾಸಿಗೂ ಲೆಕ್ಕ ಬರೆಸಿದಳು. ಇನ್ನೊಬ್ಬಳು, ಬಾಯಾರಿದವರಿಗೆ ನೀರು ಕೊಡುವುದಕ್ಕೆ ಲೆಕ್ಕ ಯಾಕೆ ಅಂತ ಬರೆಸಲೇ ಇಲ್ಲ. ಲೆಕ್ಕ ಬರೆಸಿದವಳ ನೀರು ಕೆಟ್ಟಿತು, ಬರೆಸದವಳ ನೀರು ಸಿಹಿಯಾಯಿತು. ಯಾವುದು ಅಕ್ಕನದು, ಯಾವುದು ತಂಗಿಯದು ಅಂತ ಊರಿನವರನ್ನೇ ಕೇಳಿ. ನಿಲ್ಲಿಸಿ, ತೋರಿಸಿ, ಕಥೆಯನ್ನೂ ಹೇಳುತ್ತಾರೆ.

ಧನುಷ್ಕೋಟಿ ರಾಮೇಶ್ವರದಲ್ಲಿ ಅಲ್ವಾ ಇರೋದು?

ಅದು ಬೇರೆ, ಇದು ಬೇರೆ. ಇಲ್ಲಿ ಸೀತೆಗೆ ಬಾಯಾರಿಕೆ ಆದಾಗ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಅನ್ನುವ ಕಥೆ. ಬಂಡೆಗಳ ನಡುವೆ ನೀರು ನಿಂತಿರುವ ಜಾಗ ತೋರಿಸುತ್ತಾರೆ.

## ರಾಮಾನುಜರ ಕಾಲದ ಕಥೆಗಳು

ರಾಮಾನುಜರು ತಮಿಳುನಾಡಿನವರು. ಇಲ್ಲಿಗೆ ಯಾಕೆ ಬಂದರು, ದೇವರು ಹೇಗೆ ಸಿಕ್ಕಿದ?

ಚೋಳ ರಾಜನ ಕಿರುಕುಳ ತಾಳಲಾರದೆ ರಾಮಾನುಜರು ಶ್ರೀರಂಗ ಬಿಟ್ಟರು. ಬಿಳಿ ಬಟ್ಟೆ ಉಟ್ಟು, ವೇಷ ಮರೆಸಿಕೊಂಡು ಹೊಯ್ಸಳರ ಸೀಮೆಗೆ ಬಂದರು. ಇಲ್ಲಿಗೆ ಹತ್ತಿರದ ತೊಂಡನೂರಿನಲ್ಲಿ ನೆಲೆಸಿದರು. ಈಗ ನಾವು ತೊಣ್ಣೂರು ಅನ್ನುವ, ದೊಡ್ಡ ಕೆರೆ ಇರುವ ಊರು ಅದು.

ತೊಂಡನೂರಿನಲ್ಲಿದ್ದಾಗ ಒಂದು ದಿನ ನಾಮದ ಮಣ್ಣು ಮುಗಿದುಹೋಯಿತು. ಶ್ರೀವೈಷ್ಣವರಿಗೆ ನಾಮವಿಲ್ಲದೆ ಯಾವ ಕೆಲಸವೂ ಇಲ್ಲ. ಚಿಂತೆಯಲ್ಲೇ ಮಲಗಿದವರಿಗೆ ಕನಸಿನಲ್ಲಿ ಸ್ವಾಮಿ ಕಾಣಿಸಿಕೊಂಡ. ‘ಯದುಗಿರಿಗೆ ಬಾ, ನಾನು ಹುತ್ತದೊಳಗೆ ಇದ್ದೇನೆ. ನಿನಗೆ ಬೇಕಾದ ಮಣ್ಣೂ ಅಲ್ಲೇ ಇದೆ’ ಅಂದ. ರಾಮಾನುಜರು ಕಾಡು ಕಡಿಸಿಕೊಂಡು ಬೆಟ್ಟಕ್ಕೆ ಬಂದರು. ಕಲ್ಯಾಣಿಯಲ್ಲಿ ಮಿಂದರು. ಅಲ್ಲಿ ದತ್ತಾತ್ರೇಯ ಸನ್ಯಾಸ ತೊಟ್ಟ ಜಾಗ ಅನ್ನುವ ಒಂದು ಬಂಡೆ ಇದೆ, ಪರಿಧಾನಶಿಲೆ ಅಂತ. ಅದರ ಮೇಲೆ ಕಾವಿ ಬಟ್ಟೆ ಇಟ್ಟು ಮತ್ತೆ ಉಟ್ಟುಕೊಂಡರು. ಆಮೇಲೆ ತುಳಸಿ ಬೆಳೆದಿದ್ದ ಹುತ್ತವನ್ನು ಕಂಡರು. ಹಾಲು ಎರೆದು ಹುತ್ತ ಕರಗಿಸಿದಾಗ ಮೂರ್ತಿ ಕಾಣಿಸಿತು. ಬಹುಧಾನ್ಯ ಸಂವತ್ಸರದ ಪುಷ್ಯಮಾಸದಲ್ಲಿ, ಪುನರ್ವಸು ನಕ್ಷತ್ರದ ದಿನ ಇದು ನಡೆಯಿತು ಅಂತ ಸಂಪ್ರದಾಯ ನೆನಪಿಟ್ಟುಕೊಂಡಿದೆ.

ಚೆಲುವಪಿಳ್ಳೆ ದೆಹಲಿಯಿಂದ ನಡೆದುಕೊಂಡು ಬಂದ ಅಂತಾರಲ್ಲ, ಪೂರ್ತಿ ಕಥೆ ಹೇಳಿ.

ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದೇ. ನಾನೂ ಚಿಕ್ಕವನಿದ್ದಾಗ ಅಜ್ಜಿಯನ್ನು ಇದನ್ನೇ ಕೇಳುತ್ತಿದ್ದೆ.

ಮೂಲಮೂರ್ತಿ ಸಿಕ್ಕಿತು. ಆದರೆ ಉತ್ಸವಮೂರ್ತಿ ಇಲ್ಲ. ಉತ್ಸವಮೂರ್ತಿ ಇಲ್ಲದಿದ್ದರೆ ದೇವರು ಬೀದಿಗೆ ಬರುವುದು ಹೇಗೆ, ನಡೆಯಲಾರದ ಮುದುಕರಿಗೆ ದರ್ಶನ ಹೇಗೆ? ಮತ್ತೆ ಕನಸಾಯಿತು. ರಾಮಪ್ರಿಯ ದೆಹಲಿಯ ಬಾದಶಹನ ಅರಮನೆಯಲ್ಲಿದ್ದಾನೆ ಅಂತ ತಿಳಿಯಿತು. ರಾಮಾನುಜರಿಗೆ ಆಗ ತುಂಬ ವಯಸ್ಸು. ಆದರೂ ಹೊರಟರು.

ಬಾದಶಹ ಗೌರವದಿಂದಲೇ ಬರಮಾಡಿಕೊಂಡ. ಲೂಟಿ ಮಾಡಿ ತಂದ ಮೂರ್ತಿಗಳ ರಾಶಿ ತೋರಿಸಿ, ನಿಮ್ಮದು ಇದ್ದರೆ ತೆಗೆದುಕೊಳ್ಳಿ ಅಂದ. ರಾಶಿಯಲ್ಲಿ ಹುಡುಕಿದರು, ಇಲ್ಲ. ಮೂರ್ತಿ ಇದ್ದದ್ದು ಬಾದಶಹನ ಮಗಳ ಕೋಣೆಯಲ್ಲಿ. ಅವಳು ಅದನ್ನು ಗೊಂಬೆ ಅಂತ ಎತ್ತಿಕೊಂಡು ಹೋಗಿದ್ದಳು. ಸ್ನಾನ ಮಾಡಿಸುತ್ತಿದ್ದಳು, ಬಟ್ಟೆ ಉಡಿಸುತ್ತಿದ್ದಳು, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದಳು. ‘ಅದು ನಿಮ್ಮ ದೇವರೇ ಆಗಿದ್ದರೆ ಕರೆಯಿರಿ, ಬರಲಿ’ ಅಂದ ಬಾದಶಹ. ರಾಮಾನುಜರು ಕೈ ಚಾಚಿ ಕರೆದರು, ‘ಬಾರೋ ನನ್ನ ಚೆಲುವಪಿಳ್ಳೆ’ ಅಂತ. ಗೆಜ್ಜೆಯ ಸದ್ದಾಯಿತು. ಮೂರ್ತಿ ಪುಟ್ಟ ಮಗುವಿನ ಹಾಗೆ ಹೆಜ್ಜೆ ಇಟ್ಟು ಬಂದು ಅವರ ತೊಡೆ ಏರಿ ಕೂತಿತು.

ಅಜ್ಜಿ ಇಲ್ಲಿಗೆ ಬಂದಾಗ ಕಥೆ ನಿಲ್ಲಿಸಿ ತೊಡೆ ತಟ್ಟಿ ತೋರಿಸುತ್ತಿದ್ದರು. ನಾನು ಹೋಗಿ ಕೂರುತ್ತಿದ್ದೆ. ಸನ್ಯಾಸಿಗೆ ಮಕ್ಕಳಿಲ್ಲ. ಆದರೆ ಈ ದೇವರು ಆ ಸನ್ಯಾಸಿಯ ಮಗನಾದ. ಅದಕ್ಕೇ ‘ಯತಿರಾಜ ಸಂಪತ್ಕುಮಾರ’ ಅಂತ ಎರಡೂ ಹೆಸರನ್ನು ಜೋಡಿಸಿ ಹೇಳುವುದು. ಚೆಲುವಪಿಳ್ಳೆಯ ಬಗ್ಗೆ ಊರಿನವರು ಮಾತಾಡುವಾಗ ಭಯಭಕ್ತಿಗಿಂತ ಮುದ್ದೇ ಜಾಸ್ತಿ ಕೇಳಿಸುವುದೂ ಇದಕ್ಕೇ.

ಬೀಬಿ ನಾಚ್ಚಿಯಾರ್ ಯಾರು? ಮುಸ್ಲಿಂ ಹುಡುಗಿಗೆ ದೇವಸ್ಥಾನದಲ್ಲಿ ಪೂಜೆ ನಡೆಯುತ್ತಾ?

ನಡೆಯುತ್ತದೆ. ಮೇಲೆ ಹೇಳಿದ ಬಾದಶಹನ ಮಗಳೇ ಅವಳು. ಕನ್ನಡದ ಜನಪದ ಹಾಡುಗಳಲ್ಲಿ ಅವಳ ಹೆಸರು ವರನಂದಿ.

ಗೊಂಬೆ ಹೊರಟುಹೋಯಿತು. ಅವಳಿಗೆ ಅನ್ನ ಸೇರಲಿಲ್ಲ, ನಿದ್ದೆ ಬರಲಿಲ್ಲ. ಅರಮನೆ ಬಿಟ್ಟು ಹಿಂದೆಯೇ ಬಂದಳು. ಅಷ್ಟು ದೂರ, ದೆಹಲಿಯಿಂದ ಮೇಲುಕೋಟೆಗೆ. ಬಂದು ಗರ್ಭಗುಡಿಯಲ್ಲಿ ಚೆಲುವನ ಪಾದದಲ್ಲಿ ಐಕ್ಯವಾದಳು. ಅವಳ ಪುಟ್ಟ ಮೂರ್ತಿ ಮೂಲಮೂರ್ತಿಯ ಪಾದದ ಬಳಿಯೇ ಇದೆ. ಮಂಗಳಾರತಿ ಹೊತ್ತಿನಲ್ಲಿ ಎಲ್ಲರ ಕಣ್ಣೂ ಮೇಲೆ ಮುಖದ ಕಡೆಗೇ ಇರುತ್ತದೆ. ಮುಂದಿನ ಸಲ ಕಣ್ಣು ಸ್ವಲ್ಪ ಕೆಳಗಿಳಿಸಿ ನೋಡಿ.

ಸುಮ್ನೆ ಕಟ್ಟಿದ ಕಥೆ ಇದು ಅಂತ ವಾದ ಮಾಡುವವರು ಇದ್ದಾರೆ. ನನಗೆ ಮುಖ್ಯ ಅನಿಸುವುದು ಬೇರೆ. ಆಚಾರದಲ್ಲಿ ಅಷ್ಟು ಕಟ್ಟುನಿಟ್ಟಾದ ಒಂದು ದೇವಸ್ಥಾನ ಈ ಹುಡುಗಿಯನ್ನು ಹೊರಗಿಡಲಿಲ್ಲ. ಆಚಾರ್ಯರ ಕರೆಗೆ ಓಡಿದ ದೇವರಿಗೆ, ಅವನನ್ನು ಬಿಟ್ಟಿರಲಾರದೆ ಓಡಿಬಂದವಳನ್ನು ದೂರ ಇಡಲು ಮನಸ್ಸಾಗಲಿಲ್ಲ ಅಂತಲೇ ಈ ಊರು ನಂಬಿದೆ.

ತಿರುಕುಲದವರು ಅಂದರೆ ಯಾರು?

ಚೆಲುವಪಿಳ್ಳೆಯನ್ನು ತರುವಾಗ ದಾರಿಯಲ್ಲಿ ಕಳ್ಳರ ಕಾಟ ಆಯಿತು. ಆಗ ರಕ್ಷಣೆಗೆ ನಿಂತು ಮೂರ್ತಿಯನ್ನು ಸುರಕ್ಷಿತವಾಗಿ ತಲುಪಿಸಿದವರು ದಲಿತರು. ರಾಮಾನುಜರು ಅವರನ್ನು ‘ತಿರುಕುಲತ್ತಾರ್’, ಅಂದರೆ ಸಿರಿಯ ಕುಲದವರು ಅಂತ ಕರೆದರು. ವರ್ಷದಲ್ಲಿ ಕೆಲವು ದಿನ ದೇವಸ್ಥಾನದ ಒಳಗೆ ಬರುವ ಹಕ್ಕು ಕೊಟ್ಟರು.

ಅಸ್ಪೃಶ್ಯತೆ ಬಿಗಿಯಾಗಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆ. ಆದರೆ ವರ್ಷದ ಉಳಿದ ದಿನಗಳಲ್ಲಿ ಅವರು ಹೊರಗೇ ನಿಂತರು, ನೂರಾರು ವರ್ಷ. ರಾಮಾನುಜರನ್ನು ಹೊಗಳುವಾಗ ನಾವು ಮೊದಲ ಮಾತನ್ನಷ್ಟೇ ಹೇಳಿ ಎರಡನೆಯದನ್ನು ನುಂಗಿಬಿಡುತ್ತೇವೆ. ಹಾಗೆ ಮಾಡಬಾರದು. ಈಗ ಕಾನೂನಿನಂತೆ ಎಲ್ಲರಿಗೂ ಎಲ್ಲ ದಿನವೂ ಬಾಗಿಲು ತೆರೆದಿದೆ.

ಇಲ್ಲಿರೋ ರಾಮಾನುಜರ ಮೂರ್ತಿಗೆ ವಿಶೇಷ ಏನು?

ಶ್ರೀವೈಷ್ಣವರು ರಾಮಾನುಜರ ಮೂರು ಮೂರ್ತಿಗಳನ್ನು ವಿಶೇಷ ಅಂತ ಭಾವಿಸುತ್ತಾರೆ. ಶ್ರೀರಂಗದ್ದು, ಅವರು ಹುಟ್ಟಿದ ಶ್ರೀಪೆರಂಬೂದೂರಿನದು, ಮೇಲುಕೋಟೆಯದು. ಮೇಲುಕೋಟೆಯ ಮೂರ್ತಿಗೆ ‘ತಮರ್ ಉಗಂದ ತಿರುಮೇನಿ’ ಅಂತ ಹೆಸರು, ಅಂದರೆ ತನ್ನವರು ಮೆಚ್ಚಿದ ಮೂರ್ತಿ. ಹನ್ನೆರಡು ವರ್ಷ ಈ ಸೀಮೆಯಲ್ಲಿದ್ದು ರಾಮಾನುಜರು ಶ್ರೀರಂಗಕ್ಕೆ ಹೊರಟಾಗ ಶಿಷ್ಯರು ಅತ್ತು ಬಿಡಲೇ ಇಲ್ಲವಂತೆ. ಆಗ ತನ್ನದೇ ರೂಪದ ಮೂರ್ತಿಯನ್ನು ಮಾಡಿಸಿ, ಇದರಲ್ಲಿ ನಾನಿದ್ದೇನೆ ಅಂತ ಹೇಳಿ ಹೋದರು.

## ವೈರಮುಡಿ ಮತ್ತು ಉತ್ಸವಗಳು

ವೈರಮುಡಿ ದೇವಲೋಕದಿಂದ ಬಂದಿದ್ದು ಅಂತಾರೆ. ಕಥೆ ಏನು?

ಹಾಲುಗಡಲಲ್ಲಿ ಮಲಗಿದ್ದ ವಿಷ್ಣುವಿನ ಕಿರೀಟವನ್ನು ವಿರೋಚನ ಕದ್ದುಕೊಂಡು ಹೋದ. ಈ ವಿರೋಚನ ಬೇರೆ ಯಾರೂ ಅಲ್ಲ, ಪ್ರಹ್ಲಾದನ ಮಗ. ಅಪ್ಪ ಬೆಟ್ಟದ ಮೇಲೆ ನರಸಿಂಹನನ್ನು ಕೂರಿಸಿದವನು, ಮಗ ಕಿರೀಟ ಕದ್ದವನು! ಗರುಡ ಬೆನ್ನಟ್ಟಿ ಹೋಗಿ, ಹೋರಾಡಿ, ಕಿರೀಟ ಕಿತ್ತುಕೊಂಡು ಹಾರಿಬಂದ. ದಾರಿಯಲ್ಲಿ ಕಿರೀಟದ ನೀಲಿ ಹರಳೊಂದು ತಮಿಳುನಾಡಿನ ನಾಚ್ಚಿಯಾರ್‌ಕೋವಿಲ್ ಹತ್ತಿರ ಬಿದ್ದು ಮಣಿಮುತ್ತಾರು ನದಿ ಆಯಿತು ಅಂತ ಆ ಕಡೆಯವರು ಹೇಳುತ್ತಾರೆ. ಕೆಳಗೆ ಕೃಷ್ಣ ಹುಡುಗರ ಜೊತೆ ಆಡುತ್ತಿದ್ದ. ಗರುಡ ಅವನ ತಲೆಗೆ ಕಿರೀಟ ತೊಡಿಸಿದ. ಕೃಷ್ಣ ಅದನ್ನು ತನ್ನ ಮನೆದೇವರು ರಾಮಪ್ರಿಯನಿಗೆ ಕೊಟ್ಟ.

ವೈರ ಅಂದರೆ ವಜ್ರ, ವಜ್ರದ ಕಿರೀಟ. ವೈನತೇಯ, ಅಂದರೆ ಗರುಡ ತಂದದ್ದರಿಂದ ‘ವೈನಮುಡಿ’, ಅದೇ ಜನರ ಬಾಯಲ್ಲಿ ವೈರಮುಡಿ ಆಯಿತು ಅನ್ನುವವರೂ ಇದ್ದಾರೆ.

ಈ ಊರಿನ ಕಥೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಮೂಲಮೂರ್ತಿ ಹುತ್ತದೊಳಗೆ ಮರೆಯಾಗಿತ್ತು, ಸಿಕ್ಕಿತು. ಉತ್ಸವಮೂರ್ತಿ ದೆಹಲಿ ಸೇರಿತ್ತು, ಬಂತು. ಕಿರೀಟ ಕಳುವಾಗಿತ್ತು, ತಿರುಗಿ ಬಂತು. ಇಲ್ಲಿ ಎಲ್ಲವೂ ಕಳೆದು ಸಿಕ್ಕಿದ್ದೇ. ಬೇರೆ ಕ್ಷೇತ್ರಗಳಲ್ಲಿ ದೇವರು ರಾಕ್ಷಸನನ್ನು ಕೊಂದ ಕಥೆ ದೊಡ್ಡದು. ಇಲ್ಲಿ ಮನೆಗೆ ವಾಪಸ್ ಬಂದ ಕಥೆ ದೊಡ್ಡದು.

ವೈರಮುಡೀನ ಹಗಲು ಹೊತ್ತು ಯಾಕೆ ತೋರಿಸಲ್ಲ? ಅರ್ಚಕರೂ ಕಣ್ಣು ಕಟ್ಕೊಳ್ತಾರಂತೆ, ನಿಜಾನಾ?

ನಿಜ. ಕಿರೀಟಕ್ಕೆ ಹಗಲಿನ ಬೆಳಕು ಬೀಳಬಾರದು. ಚೆಲುವಪಿಳ್ಳೆಯ ತಲೆಯ ಮೇಲೆ ಕೂರುವ ಮೊದಲು ಅದನ್ನು ಬರಿಗಣ್ಣಿಂದ ಯಾರೂ ನೋಡಬಾರದು. ಇದು ನಿಯಮ. ಅದಕ್ಕೇ ರಾಮಾನುಜರ ಸನ್ನಿಧಿಯ ಮುಂದೆ ಅರ್ಚಕರು ಕಣ್ಣಿಗೆ ರೇಷ್ಮೆ ವಸ್ತ್ರ ಕಟ್ಟಿಕೊಂಡು, ಕೈಯಲ್ಲೇ ತಡವಿ ಕಿರೀಟ ತೊಡಿಸುತ್ತಾರೆ.

ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಫಾಲ್ಗುಣ ಮಾಸದಲ್ಲಿ, ನಮ್ಮ ಲೆಕ್ಕದಲ್ಲಿ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಉತ್ಸವದ ದಿನ ಬೆಳಗ್ಗೆ ಪೆಟ್ಟಿಗೆಯನ್ನು ಪೊಲೀಸ್ ಕಾವಲಿನಲ್ಲಿ ಹೊರಗೆ ತರುತ್ತಾರೆ. ದಾರಿಯುದ್ದಕ್ಕೂ ಊರೂರಲ್ಲಿ ನಿಲ್ಲಿಸಿ ಪೂಜೆ. ಮನೆಮುಂದೆ ನೀರು ಹಾಕಿ, ರಂಗೋಲಿ ಬಿಟ್ಟು ಜನ ಕಾಯುತ್ತಾರೆ. ಒಳಗಿರುವುದು ಅವರಿಗೆ ಕಾಣುವುದಿಲ್ಲ, ಕಾಣುವುದು ಹೂವು ಮುಚ್ಚಿದ ಪೆಟ್ಟಿಗೆ ಮಾತ್ರ. ನಮ್ಮಮ್ಮ ಒಂದು ವರ್ಷ ಕಾಯಿಲೆಯಿಂದ ಬೆಟ್ಟಕ್ಕೆ ಹೋಗಲಾಗದೆ ರಸ್ತೆ ಬದಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪೆಟ್ಟಿಗೆ ಹಾದುಹೋಗಿದ್ದು ಅರ್ಧ ನಿಮಿಷ. ‘ಆಯ್ತು, ದರ್ಶನ ಆಯ್ತು’ ಅಂತ ಎದ್ದರು.

ರಾತ್ರಿ ಗರುಡವಾಹನದ ಮೇಲೆ, ಶ್ರೀದೇವಿ ಭೂದೇವಿಯರ ಜೊತೆ, ವೈರಮುಡಿ ತೊಟ್ಟ ಚೆಲುವಪಿಳ್ಳೆ ಹೊರಗೆ ಬರುತ್ತಾನೆ. ದೀಪದ ಬೆಳಕಿಗೆ ಹರಳುಗಳು ಹೊಳೆದ ಕೂಡಲೇ ಜನರ ಗದ್ದಲ ಒಂದು ಕ್ಷಣ ನಿಂತೇಹೋಗುತ್ತದೆ. ಆಮೇಲೆ ಗೋವಿಂದನ ಕೂಗು ಬೀದಿಯ ತುದಿಯವರೆಗೆ ಹೋಗುತ್ತದೆ. ಬೆಳಕು ಹರಿಯುವ ಮುಂಚೆ ಕಿರೀಟ ಮತ್ತೆ ಪೆಟ್ಟಿಗೆಗೆ.

ರಾಜಮುಡಿ, ಕೃಷ್ಣರಾಜಮುಡಿ ಅಂತ ಬೇರೆ ಇದೆಯಲ್ಲ?

ಅವು ಮೈಸೂರು ಅರಸರು ಕೊಟ್ಟ ಕಿರೀಟಗಳು. ರಾಜಮುಡಿ ಕೊಟ್ಟವರು ರಾಜ ಒಡೆಯರು, 1578ರಿಂದ 1617ರವರೆಗೆ ಆಳಿದವರು, 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದವರು. ಕೃಷ್ಣರಾಜಮುಡಿ ಮುಮ್ಮಡಿ ಕೃಷ್ಣರಾಜ ಒಡೆಯರದು.

ರಾಜ ಒಡೆಯರ ಬಗ್ಗೆ ಇನ್ನೊಂದು ಐತಿಹ್ಯ ಇದೆ. ಅವರ ಕೊನೆಯ ದಿನ ಅವರು ಚೆಲುವನಾರಾಯಣನ ಗರ್ಭಗುಡಿಯೊಳಗೆ ಹೋಗುವುದನ್ನು ಜನ ನೋಡಿದರು. ಹೊರಗೆ ಬರುವುದನ್ನು ಯಾರೂ ನೋಡಲಿಲ್ಲ. ನವರಂಗದ ಕಂಬವೊಂದರಲ್ಲಿ ಕೈ ಮುಗಿದು ನಿಂತ ಅವರ ಸಣ್ಣ ಉಬ್ಬುಶಿಲ್ಪ ಇದೆ, ಕೆಳಗೆ ಹೆಸರೂ ಇದೆ. ಸಾಲಿನಲ್ಲಿ ನಿಂತಿರುವಾಗ ಹುಡುಕಿ ನೋಡಿ.

ಮಕ್ಕಳಾಗಲಿ ಅಂತ ಹರಕೆ ಹೊರುವ ಜಾತ್ರೆ ಯಾವುದು?

ತೊಟ್ಟಿಲುಮಡು ಜಾತ್ರೆ. ರಾಜಮುಡಿ ಉತ್ಸವದ ಕಾಲದಲ್ಲಿ, ದೀಪಾವಳಿಯ ಆಸುಪಾಸಿನ ದಿನಗಳಲ್ಲಿ ಅಷ್ಟತೀರ್ಥೋತ್ಸವ ನಡೆಯುತ್ತದೆ. ಕಲ್ಯಾಣಿಯಿಂದ ಹೊರಟು ಬೆಟ್ಟದ ಸುತ್ತಲಿನ ತೀರ್ಥಗಳಿಗೆ ಹೋಗಿಬರುವ ಉತ್ಸವ. ಮಕ್ಕಳಿಲ್ಲದ ದಂಪತಿಗಳು ತೀರ್ಥದಿಂದ ತೀರ್ಥಕ್ಕೆ ನಡೆದು ಸ್ನಾನ ಮಾಡುತ್ತಾರೆ. ತೊಡೆ ಏರಿ ಕೂತ ದೇವರನ್ನು ಮಗು ಬೇಡುವುದು, ಎಷ್ಟು ಸರಿಯಾದ ಜಾಗ ಅನಿಸುತ್ತದೆ ನನಗೆ.

## ಚರಿತ್ರೆ ಓದಿದವರ ಪ್ರಶ್ನೆಗಳು

ರಾಮಾನುಜರ ಕಾಲದಲ್ಲಿ ದೆಹಲಿಯಲ್ಲಿ ಸುಲ್ತಾನರೇ ಇರಲಿಲ್ಲ. ಹಾಗಿದ್ರೆ ಬಾದಶಹನ ಕಥೆ ಸುಳ್ಳಾ?

ಒಳ್ಳೆಯ ಪ್ರಶ್ನೆ, ತಪ್ಪಿಸಿಕೊಳ್ಳಬಾರದು. ಸಂಪ್ರದಾಯದ ಪ್ರಕಾರ ರಾಮಾನುಜರ ಕಾಲ 1017ರಿಂದ 1137. ದೆಹಲಿಯ ಸುಲ್ತಾನರ ಆಳ್ವಿಕೆ ಶುರುವಾಗಿದ್ದು 1206ರಲ್ಲಿ. ದೆಹಲಿಯ ಸೈನ್ಯ ಮಲಿಕ್ ಕಾಫರನ ಜೊತೆ ಹೊಯ್ಸಳರ ದೋರಸಮುದ್ರಕ್ಕೆ ಬಂದಿದ್ದು 1311ರಲ್ಲಿ. ಹಾಗಾಗಿ ರಾಮಾನುಜರು ದೆಹಲಿಯ ಬಾದಶಹನನ್ನು ಭೇಟಿಯಾದರು ಅನ್ನುವುದು ಇಸವಿಗಳಿಗೆ ಹೊಂದುವುದಿಲ್ಲ.

ನನಗೆ ತೋಚುವುದು ಇಷ್ಟು. ದಾಳಿಗಳ ಕಾಲದಲ್ಲಿ ದಕ್ಷಿಣದ ದೇವಸ್ಥಾನಗಳ ಉತ್ಸವಮೂರ್ತಿಗಳನ್ನು ಹೊತ್ತುಕೊಂಡು ಓಡಿದ್ದು, ಬಚ್ಚಿಟ್ಟಿದ್ದು, ವರ್ಷಗಟ್ಟಲೆ ಆದ ಮೇಲೆ ತಿರುಗಿ ತಂದಿದ್ದು ಚರಿತ್ರೆಯಲ್ಲೇ ಇದೆ. ಶ್ರೀರಂಗದ ಉತ್ಸವಮೂರ್ತಿಯೂ ಹಾಗೆ ಊರೂರು ಅಲೆದು, 1371ರಲ್ಲಿ ತನ್ನ ಗುಡಿ ಸೇರಿತು. ಶ್ರೀರಂಗದಲ್ಲೂ ಸುಲ್ತಾನನ ಮಗಳ ಕಥೆ ಇದೆ, ಅವಳಿಗೆ ಅಲ್ಲಿಯೂ ಪೂಜೆ ಇದೆ. ಆ ನಂತರದ ಕಾಲದ ನೋವು ಮತ್ತು ಸಂತೋಷ ಎರಡೂ ಜನರು ಅತಿ ಹೆಚ್ಚು ಪ್ರೀತಿಸಿದ ಗುರುವಿನ ಹೆಸರಿಗೆ ಬಂದು ಸೇರಿಕೊಂಡಿರಬೇಕು. ಇಸವಿ ತಪ್ಪಾಗಿದೆ ಅಂತ ಹೇಳಲು ನಾನು ಹಿಂಜರಿಯುವುದಿಲ್ಲ. ಕಥೆಯನ್ನು ಹೇಳುವುದನ್ನೂ ನಿಲ್ಲಿಸುವುದಿಲ್ಲ.

ರಾಮಾನುಜರು ಬಿಟ್ಟಿದೇವನನ್ನು ಮತಾಂತರ ಮಾಡಿದ ಮೇಲೆ ಜೈನರಿಗೆ ಕಷ್ಟ ಆಯ್ತಂತೆ, ಹೌದಾ?

ಜೈನನಾಗಿದ್ದ ಹೊಯ್ಸಳ ರಾಜ ಬಿಟ್ಟಿದೇವ ರಾಮಾನುಜರಿಂದ ವೈಷ್ಣವನಾಗಿ ವಿಷ್ಣುವರ್ಧನ ಅನಿಸಿಕೊಂಡ, ಅವನ ಮಗಳಿಗೆ ಹಿಡಿದಿದ್ದ ಗಾಳಿಯನ್ನು ರಾಮಾನುಜರು ಬಿಡಿಸಿದರು ಅನ್ನುವುದು ಪ್ರಚಲಿತ ಕಥೆ. ತೊಂಡನೂರಿನಲ್ಲಿ ಸಾವಿರ ಜೈನ ಪಂಡಿತರ ಜೊತೆ ತೆರೆಯ ಹಿಂದೆ ಕೂತು, ಸಾವಿರ ಹೆಡೆಯ ಆದಿಶೇಷನಾಗಿ ಒಟ್ಟಿಗೇ ಉತ್ತರ ಕೊಟ್ಟರು ಅಂತಲೂ ಹೇಳುತ್ತಾರೆ.

ಶಾಸನಗಳ ಚಿತ್ರ ಇನ್ನೂ ಹದವಾಗಿದೆ. ಅವನ ಪಟ್ಟದ ರಾಣಿ ಶಾಂತಲೆ ಕೊನೆಯವರೆಗೂ ಜೈನಳಾಗಿಯೇ ಇದ್ದಳು. ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜನೂ ಜೈನ. ರಾಜ ಜೈನ ಬಸದಿಗಳಿಗೆ ದಾನ ಕೊಡುವುದನ್ನು ನಿಲ್ಲಿಸಲಿಲ್ಲ. ಒಂದೇ ಅರಮನೆಯಲ್ಲಿ ಎರಡು ದಾರಿ ಇದ್ದವು.

ಪಂಚನಾರಾಯಣ ಯಾತ್ರೆ ಅಂತಾರಲ್ಲ, ಅದ್ರಲ್ಲಿ ಮೇಲುಕೋಟೆ ಸೇರುತ್ತಾ?

ಸೇರುತ್ತದೆ. ತಲಕಾಡಿನ ಕೀರ್ತಿನಾರಾಯಣ, ಬೇಲೂರಿನ ವಿಜಯನಾರಾಯಣ, ತೊಂಡನೂರಿನ ನಂಬಿನಾರಾಯಣ, ಗದಗಿನ ವೀರನಾರಾಯಣ, ಮೇಲುಕೋಟೆಯ ಚೆಲುವನಾರಾಯಣ. ವಿಷ್ಣುವರ್ಧನನ ಹೆಸರಿಗೆ ಜನ ಸೇರಿಸಿ ಹೇಳುವ ಐದು ಇವು. ಉಳಿದವರ ಹೆಸರು ನೋಡಿ: ಕೀರ್ತಿ, ವಿಜಯ, ವೀರ. ರಾಜರಿಗೆ ಬೇಕಾದ ಹೆಸರುಗಳು. ನಮ್ಮವನದು ಬರೀ ಚೆಲುವು. ಮೇಲುಕೋಟೆಗೆ ಬಂದವರು ತೊಂಡನೂರನ್ನಂತೂ ಬಿಡಬೇಡಿ, ಹತ್ತಿರವೇ ಇದೆ.

ರಾಯಗೋಪುರ ಯಾಕೆ ಅರ್ಧಕ್ಕೇ ನಿಂತಿದೆ?

ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸಬೇಕು ಅಂತ ಹೊರಟು, ಬೆಳಗಾದದ್ದರಿಂದ ಹಾಗೇ ಬಿಟ್ಟರು ಅನ್ನುವುದು ಊರಿನ ಕಥೆ. ನಾಲ್ಕು ಎತ್ತರದ ಕಂಬಗಳು, ಸುತ್ತ ಕೆತ್ತನೆ, ಮೇಲೆ ಗೋಪುರವೇ ಇಲ್ಲ, ಆಕಾಶ ಮಾತ್ರ. ಸಂಜೆ ಐದೂವರೆ ಹೊತ್ತಿಗೆ ಅಲ್ಲಿಗೆ ಹೋಗಿ. ಕಂಬಗಳ ನಡುವಿನಿಂದ ಗಾಳಿ ಬೀಸುತ್ತದೆ, ಕಲ್ಲು ಇನ್ನೂ ಹಗಲಿನ ಬಿಸಿ ಹಿಡಿದುಕೊಂಡಿರುತ್ತದೆ. ಬೆನ್ನು ಒರಗಿಸಿ ಕೂತರೆ ಎದುರಿಗೆ ನರಸಿಂಹನ ಬೆಟ್ಟದಲ್ಲಿ ದೀಪ ಹಚ್ಚುವುದು ಕಾಣುತ್ತದೆ.